‘ಬದ್ಧ ಸ್ಥಿತಿ’: ಸಾಲಿಟಾನ್‌ಗಳಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?

ಪ್ರಶ್ನೆ: ಆಕಾರ ಕೆಡದೆ ಸಾಗುವ ಅಲೆಯಾದ ಸಾಲಿಟಾನ್‌ಗೆ ಕನ್ನಡದಲ್ಲಿ ‘ಒಂಟಿ ಅಲೆ’ ಅನ್ನಬಹುದೆ? ಅವು ಒಂದಕ್ಕೊಂದು ಅಂಟಿಕೊಂಡಿರುವ ಬೌಂಡ್ ಸ್ಟೇಟ್‌ಗೆ ‘ಬಂಧಿತ ಸಾಲಿಟಾನ್’, ‘ಸಾಲಿಟಾನ್ ಅಣು’, ‘ಬದ್ಧ ಸ್ಥಿತಿ’ – ಇವುಗಳಲ್ಲಿ ಯಾವುದು ಸರಿ?

ಉತ್ತರ: ‘ಒಂಟಿ ಅಲೆ’ಯನ್ನು ಸಾಲಿಟರಿ ವೇವ್‌ಗೆ, ಅಂದರೆ ಆಕಾರ ಕೆಡದೆ ಸಾಗುವ ಒಂದೇ ದಿಬ್ಬದ ಅಲೆಗೆ, ಬಿಡೋಣ. 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಕುದುರೆಯೇರಿ ಬೆನ್ನಟ್ಟಿದ್ದು ಅಂಥ ಅಲೆಯನ್ನು. ‘ಸಾಲಿಟಾನ್’ ಎಂಬ ಹೆಸರನ್ನು 1965ರಲ್ಲಿ ವಿಜ್ಞಾನಿಗಳಾದ ಝಬುಸ್ಕಿ ಮತ್ತು ಕ್ರುಸ್ಕಲ್ ಕೊಟ್ಟದ್ದು ಇನ್ನೊಂದು ಗುಣಕ್ಕಾಗಿ: ಎರಡು ಅಲೆಗಳು ಡಿಕ್ಕಿಯಾಗಿ ಹೊರಬಂದ ಮೇಲೂ ಎತ್ತರ, ವೇಗ ಹಾಗೇ ಉಳಿಯುತ್ತವೆ, ಜಾಗ ಮಾತ್ರ ತುಸು ಸರಿದಿರುತ್ತದೆ. ಕಣದಂಥ ಈ ನಡತೆಗೇ ಎಲೆಕ್ಟ್ರಾನ್, ಪ್ರೋಟಾನ್‌ಗಳಲ್ಲಿರುವ ‘ಆನ್’ ಬಂತು. ಅದನ್ನು ಕನ್ನಡಿಸಲು ಹೋದರೆ ಗುಣವೇ ಕಳೆದುಹೋಗುತ್ತದೆ. ‘ಒಂಟಿ ಅಲೆಗಳ ಜೋಡಿ’ ಎಂದು ಬರೆಯಬೇಕಾಗಿ ಬರುವ ಪೇಚು ಬೇರೆ.

‘ಬಂಧಿತ’ ಬೇಡ, ಓದುಗರಿಗೆ ಅದು ಪೊಲೀಸರು ಹಿಡಿದವನು. ‘ಸಾಲಿಟಾನ್ ಅಣು’ ಚೆನ್ನಾಗಿದೆ, ಆದರೆ ಅಣುಬಾಂಬ್, ಅಣುಶಕ್ತಿಗಳಲ್ಲಿ ‘ಅಣು’ ಪರಮಾಣುವಿನ ಕಡೆ ವಾಲಿರುವುದರಿಂದ ಮೊದಲ ಸಲ ಬಳಸುವಾಗ ಅರ್ಥ ಬಿಡಿಸಿ ಹೇಳಬೇಕು.

ಉಳಿದದ್ದು ‘ಬದ್ಧ ಸ್ಥಿತಿ’. ಪದ ಸರಿಯೇ, ಎಲ್ಲ ಕಡೆ ಹಚ್ಚುವುದು ತಪ್ಪು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸಾಗುವ ಬಗೆಯನ್ನು ಹೇಳುವ ಆದರ್ಶ ಅರೇಖೀಯ ಶ್ರೋಡಿಂಗರ್ ಸಮೀಕರಣದಲ್ಲಿ ಮೂಲ ಸಾಲಿಟಾನ್‌ನ ನಾಲ್ಕು ಪಟ್ಟು ಶಕ್ತಿಯ, ಅಷ್ಟೇ ಅಗಲದ ಸ್ಪಂದವನ್ನು (ಬೆಳಕಿನ ಕಿರು ಮಿಡಿತ, ಪಲ್ಸ್) ಬಿಟ್ಟರೆ ಎರಡನೇ ದರ್ಜೆಯ ಸಾಲಿಟಾನ್ ಹುಟ್ಟುತ್ತದೆ. ಅದರೊಳಗಿರುವುದು ಮೂಲ ಸಾಲಿಟಾನ್‌ನ 1 ಮತ್ತು 3 ಪಟ್ಟು ಎತ್ತರದ ಎರಡು ಸಾಲಿಟಾನ್‌ಗಳು. ಸ್ಪಂದ ಕುಗ್ಗಿ, ಹಿಗ್ಗಿ, ಮತ್ತೆ ಮೊದಲಿನಂತಾಗುತ್ತದೆ. ಇದನ್ನೂ ಬೌಂಡ್ ಸ್ಟೇಟ್ ಎನ್ನುವ ರೂಢಿಯಿದೆ. ಆದರೆ ಇಲ್ಲಿ ಬಂಧನ ಶಕ್ತಿ, ಅಂದರೆ ಎರಡನ್ನೂ ಬಿಡಿಸಲು ಬೇಕಾದ ಶಕ್ತಿ, ಸೊನ್ನೆ. ಎರಡರ ವೇಗವೂ ಒಂದೇ ಆಗಿರುವುದರಿಂದ ಜೊತೆಯಲ್ಲಿವೆ, ಅಷ್ಟೆ. ರಾಮನ್ ಪರಿಣಾಮವೋ (ಬೆಳಕು ಗಾಜಿನ ಕಂಪನಕ್ಕೆ ಶಕ್ತಿ ಕಳೆದುಕೊಳ್ಳುವುದು) ಮೂರನೇ ದರ್ಜೆಯ ಡಿಸ್ಪರ್ಷನ್ನೋ (ಬೇರೆ ಬೇರೆ ಬಣ್ಣ ಬೇರೆ ಬೇರೆ ವೇಗದಲ್ಲಿ ಸಾಗುವುದರ ಒಂದು ಸೂಕ್ಷ್ಮ ಅಂಶ) ತುಸು ಸೇರಿದರೂ ವೇಗ ಬೇರೆಯಾಗಿ ಅವು ಒಡೆದು ದೂರವಾಗುತ್ತವೆ. ಕಟ್ಟಿಲ್ಲದ್ದನ್ನು ‘ಬದ್ಧ’ ಎಂದರೆ ಹೇಗೆ? ‘ಎರಡನೇ ದರ್ಜೆಯ ಸಾಲಿಟಾನ್’ ಎಂದರೆ ಸಾಕು.

ಸೈನ್-ಗಾರ್ಡನ್ ಸಮೀಕರಣದ ಬ್ರೀದರ್‌ನ, ಅಂದರೆ ಒಂದೆಡೆ ಉಸಿರಾಡುವಂತೆ ಹಿಗ್ಗಿ ಕುಗ್ಗುವ ಅಲೆಯ, ಮಾತು ಬೇರೆ. ಕಿಂಕ್ (ಒಂದು ಮಟ್ಟದಿಂದ ಇನ್ನೊಂದಕ್ಕೆ ಏರುವ ಮೆಟ್ಟಿಲಿನಂಥ ಅಲೆ) ಮತ್ತು ಅದರ ತಿರುವುಮುರುವಾದ ಪ್ರತಿಕಿಂಕ್ ಬಿಡಿಯಾಗಿರುವಾಗಿನ ಒಟ್ಟು ಶಕ್ತಿಗಿಂತ ಅದರ ಶಕ್ತಿ ಕಡಿಮೆ. ಅದು ನಿಜಕ್ಕೂ ಬದ್ಧ.

ಲೇಸರ್‌ಗಳಲ್ಲಿ, ಡಿಸ್ಪರ್ಷನ್ ಹೊಂದಿಸಿದ ಫೈಬರ್‌ಗಳಲ್ಲಿ ನಿರ್ದಿಷ್ಟ ಅಂತರ ಹಾಗೂ ಪ್ರಾವಸ್ಥೆಯಲ್ಲಿ (ಫೇಸ್, ಅಲೆಯ ಏರಿಳಿತದ ಹಂತ) ಕಚ್ಚಿಕೊಂಡು ಸಾಗುವ ಜೋಡಿಗೂ ‘ಬದ್ಧ ಸ್ಥಿತಿ’ ಸಲ್ಲುತ್ತದೆ. ಆದರೆ ಹಾಗೆ ಹೆಸರಿಡುವ ಮುನ್ನ ರೋಹಿತ (ಬೆಳಕಿನಲ್ಲಿ ಯಾವ ತರಂಗಾಂತರ ಎಷ್ಟಿದೆ ಎಂಬ ಚಿತ್ರ) ನೋಡಬೇಕು. ಬೆಳಕನ್ನು ತುಸು ತಡಮಾಡಿದ ಅದರದೇ ಪ್ರತಿಯೊಡನೆ ಹೋಲಿಸುವ ಆಟೋಕೋರಿಲೇಷನ್‌ನಲ್ಲಿ 1:2:1ರ ಮೂರು ಶಿಖರ ಕಂಡ ಮಾತ್ರಕ್ಕೆ ಸಾಲದು. ಪ್ರಾವಸ್ಥೆ ಅಲೆದಾಡುವ ಎರಡು ಸಮ ಸ್ಪಂದಗಳೂ ಅದನ್ನೇ ತೋರುತ್ತವೆ. ಪ್ರಾವಸ್ಥೆ ಕಚ್ಚಿಕೊಂಡಿದ್ದರೆ ರೋಹಿತದಲ್ಲಿ ಸ್ಫುಟವಾದ ವ್ಯತಿಕರಣ ಪಟ್ಟಿಗಳು ಕಾಣುತ್ತವೆ. ಪಟ್ಟಿಗಳ ಅಂತರ ಸ್ಪಂದಗಳ ನಡುವಿನ ಕಾಲದ ವಿಲೋಮ: 10 ಪಿಕೋಸೆಕೆಂಡಿಗೆ 100 ಗಿಗಾಹರ್ಟ್ಸ್, 1550 ನ್ಯಾನೋಮೀಟರ್ ಬಳಿ ಸುಮಾರು 0.8 ನ್ಯಾನೋಮೀಟರ್. ಸರಾಸರಿ ರೋಹಿತದಲ್ಲಿ ಪಟ್ಟಿಗಳು ಮಾಸಿದ್ದರೆ ಲೇಸರ್‌ನೊಳಗೆ ಸ್ಪಂದದ ಒಂದೊಂದು ಸುತ್ತಿನ ಅಳತೆ ಸಿಗುವವರೆಗೆ ‘ಸ್ಪಂದಗಳ ಜೋಡಿ’ ಎಂದಷ್ಟೇ ಬರೆಯಿರಿ.