ಮೈಲ್ಸ್‌ನಲ್ಲಿ ಟೊರೊಂಟೊ, ನಡುವೆ ಫ್ರಾಂಕ್‌ಫರ್ಟ್: ಅಪ್ಪ-ಅವ್ವನ ಜೊತೆ ಹೋಗಿಬಂದವರು ಹೇಳಿ

ಗದಗದಿಂದ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ ರೀ. ಬರುವ ಬೇಸಿಗೆಗೆ ಅಪ್ಪ-ಅವ್ವನನ್ನು ಟೊರೊಂಟೊದಲ್ಲಿರುವ ತಮ್ಮನ ಮನೆಗೆ ಕರೆದುಕೊಂಡು ಹೋಗಬೇಕು. ಅಪ್ಪನಿಗೆ 71, ಅವ್ವನಿಗೆ 66. ಅವ್ವನಿಗೆ ಮೊಣಕಾಲು ನೋವು ಬೇರೆ. ನಮ್ಮ ಯಜಮಾನರ ಕಂಪನಿ ಓಡಾಟದಿಂದ ಏರ್ ಕೆನಡಾದ ಏರೋಪ್ಲಾನ್ ಅನ್ನುವ ಮೈಲ್ಸ್ ಖಾತೆಯಲ್ಲಿ ಪಾಯಿಂಟ್ ಸೇರಿವೆ, ರೊಕ್ಕದ ಬದಲು ಅದರಲ್ಲೇ ಟಿಕೆಟ್ ತೆಗೆಯಬಹುದಂತೆ. ಬ್ಯಾಂಕ್ ಕಾರ್ಡ್‌ನಲ್ಲೂ ಒಂದಿಷ್ಟು ಇವೆ. ಫ್ರಾಂಕ್‌ಫರ್ಟ್ ಹತ್ತಿರ ಚಿಕ್ಕಪ್ಪನ ಮಗಳಿದ್ದಾಳೆ. ಹೋಗುವಾಗ ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಟೊರೊಂಟೊಗೆ ಹೋಗಬಹುದಾ? ಇಷ್ಟು ದೂರ ನಾವು ಯಾರೂ ಹೋದವರಲ್ಲ. ಯಾರಾದರೂ ಹೀಗೆ ಮಾಡಿದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಹುಬ್ಬಳ್ಳಿ, ವಿದ್ಯಾನಗರದಿಂದ

ಅಕ್ಕಾ, ಹೋಗಬಹುದು. ನನ್ನನ್ನು ಕೇಳಿದರೆ ಹಾಗೇ ಹೋಗಬೇಕು. ಎರಡು ವರ್ಷದ ಹಿಂದೆ ನಮ್ಮ ಅಪ್ಪ-ಅವ್ವನನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೆಚ್ಚುಕಡಿಮೆ ಹತ್ತು ತಾಸು. ಅಲ್ಲಿಂದ ಟೊರೊಂಟೊಗೆ ಮತ್ತೆ ಎಂಟೂವರೆ ತಾಸು. ಎರಡನ್ನೂ ಒಂದೇ ದಿನ ಮಾಡಿದರೆ ನಮಗೇ ಸಾಕಾಗುತ್ತದೆ, ಹಿರಿಯರ ಕಾಲು ಬಾತು ಹೋಗುತ್ತವೆ. ನಡುವೆ ನಾಲ್ಕು ದಿನ ಮನೆಯವರ ಜೊತೆ ಇದ್ದು, ಬಿಸಿ ಅನ್ನ ಉಂಡು, ಮಲಗಿ ಎದ್ದು ಹೋದರೆ ಎರಡನೆಯ ವಿಮಾನ ಹೊಸ ಪ್ರಯಾಣ ಇದ್ದ ಹಾಗೆ. ಊರು ನೋಡುವುದು ಆಮೇಲಿನ ಮಾತು.

ಮೊದಲು ಲೆಕ್ಕ ಹೇಳುತ್ತೇನೆ. ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ ಒಂದು ಊರಲ್ಲಿ 24 ತಾಸಿಗಿಂತ ಜಾಸ್ತಿ ನಿಂತರೆ ಅದು ಸ್ಟಾಪ್‌ಓವರ್. ಅದಕ್ಕಿಂತ ಕಡಿಮೆ ಆದರೆ ಬರೀ ವಿಮಾನ ಬದಲಿಸಿದ ಲೆಕ್ಕ. ಏರೋಪ್ಲಾನ್‌ನಲ್ಲಿ ಒಮ್ಮುಖ ಟಿಕೆಟ್‌ಗೂ ಒಂದು ಸ್ಟಾಪ್‌ಓವರ್ ಹಾಕಿಕೊಳ್ಳಬಹುದು, ತಲೆಗೆ 5,000 ಪಾಯಿಂಟ್ ಹೆಚ್ಚು. 45 ದಿನದವರೆಗೂ ಇರಬಹುದು. ಏರ್ ಕೆನಡಾ, ಲುಫ್ತಾನ್ಸಾ, ಏರ್ ಇಂಡಿಯಾ ಎಲ್ಲ ಸ್ಟಾರ್ ಅಲಯನ್ಸ್ ಅನ್ನುವ ಒಂದೇ ಒಕ್ಕೂಟದವು. ಹಾಗಾಗಿ ಏರ್ ಕೆನಡಾದ ಪಾಯಿಂಟ್‌ನಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ, ಮುಂದೆ ಏರ್ ಕೆನಡಾ ಅಂತ ಒಂದೇ ಟಿಕೆಟ್ ಮಾಡಬಹುದು. ಬೇರೆ ಕಂಪನಿಯ ವಿಮಾನ ಸೇರಿದರೆ ಟಿಕೆಟ್‌ಗೆ 39 ಕೆನಡಾ ಡಾಲರ್ ಶುಲ್ಕ, ಜೊತೆಗೆ ವಿಮಾನ ನಿಲ್ದಾಣದ ತೆರಿಗೆ. ಕೆಲವು ಕಂಪನಿಗಳ ಮೈಲ್ಸ್‌ನಲ್ಲಿ ಇದೇ ಲುಫ್ತಾನ್ಸಾ ಸೀಟು ತೆಗೆದರೆ ಇಂಧನದ ಹೆಸರಲ್ಲಿ ದೊಡ್ಡ ರೊಕ್ಕ ಸೇರಿಸುತ್ತಾರೆ. ಏರೋಪ್ಲಾನ್‌ನಲ್ಲಿ ಆ ಕಾಟ ಇಲ್ಲ. ನಿಮ್ಮವರು ಒಳ್ಳೆಯ ಖಾತೆಯಲ್ಲೇ ಪಾಯಿಂಟ್ ಕೂಡಿಟ್ಟಿದ್ದಾರೆ.

ಎಷ್ಟು ಪಾಯಿಂಟ್ ಅನ್ನುವುದು ದೂರದ ಮೇಲೆ ನಿಂತಿದೆ. ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಊರಿಂದ ಊರಿಗೆ ನೇರ ಅಂತರ ನೋಡುವುದಿಲ್ಲ, ನೀವು ಹಾರುವ ಪ್ರತಿ ತುಂಡಿನ ಮೈಲಿ ಕೂಡಿಸುತ್ತಾರೆ. ಬೆಂಗಳೂರು–ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ, ಫ್ರಾಂಕ್‌ಫರ್ಟ್–ಟೊರೊಂಟೊ ಸುಮಾರು 3,900. ಕೂಡಿಸಿದರೆ 8,500. ಏರೋಪ್ಲಾನ್‌ನ ಪಾಯಿಂಟ್ ಪಟ್ಟಿಯಲ್ಲಿ 8,000 ಮೈಲಿಗೆ ಒಂದು ಗೆರೆ ಇದೆ, ಅದನ್ನು ದಾಟಿದರೆ ಪಾಯಿಂಟ್ ಜಾಸ್ತಿ. ಅದೇ ದೆಹಲಿಯಿಂದ ಹತ್ತಿದರೆ ಫ್ರಾಂಕ್‌ಫರ್ಟ್‌ಗೆ 3,800 ಮೈಲಿ ಅಷ್ಟೇ, ಒಟ್ಟು ಗೆರೆಯ ಒಳಗೇ ಉಳಿಯುತ್ತದೆ. ನಾನೊಬ್ಬನೇ ಆಗಿದ್ದರೆ ದೆಹಲಿಗೆ ಹೋಗಿಯೇ ಹತ್ತುತ್ತಿದ್ದೆ. ಅಪ್ಪ-ಅವ್ವ ಜೊತೆಗಿದ್ದರೆ ಬೇಡ. ಪಾಯಿಂಟ್ ಉಳಿಸಲು ಮೊಣಕಾಲು ನೋವಿನವರನ್ನು ದೆಹಲಿ ಸುತ್ತಿಸುವುದು ನನ್ನ ಮನಸ್ಸಿಗೆ ಬರುವುದಿಲ್ಲ. ನೀವು ಮಾತ್ರ ಎರಡೂ ಲೆಕ್ಕ ಹಾಕಿ ನೋಡಿ. ಇನ್ನೊಂದು ಮಾತು. ಏರ್ ಕೆನಡಾದ ಸ್ವಂತ ವಿಮಾನ ಸೇರಿದರೆ ಪಾಯಿಂಟ್ ದಿನದಿನಕ್ಕೆ ಏರಿಳಿಯುತ್ತದೆ. ಒಂದು ದಿನ ಹಿಂದೆ ಮುಂದೆ ನೋಡಿದರೆ ಎಷ್ಟೋ ಸಲ ದೊಡ್ಡ ವ್ಯತ್ಯಾಸ ಸಿಗುತ್ತದೆ.

ಇನ್ನು ಹುಡುಕುವ ರೀತಿ. ಎಲ್ಲರೂ ಬೆಂಗಳೂರು–ಟೊರೊಂಟೊ ಅಂತ ಹಾಕಿ ಏನೂ ಸಿಗಲಿಲ್ಲ ಅಂತ ಕೈಬಿಡುತ್ತಾರೆ. ತುಂಡು ತುಂಡಾಗಿ ಹುಡುಕಿ. ನಮ್ಮ ಮನೆಯ ಗೋಡೆ ಕ್ಯಾಲೆಂಡರ್‌ನ ಹಳೇ ಹಾಳೆಯ ಹಿಂದೆ ಮೂರು ಗೆರೆ ಎಳೆದಿದ್ದೆ. ಎಡಕ್ಕೆ ಬೆಂಗಳೂರು–ಫ್ರಾಂಕ್‌ಫರ್ಟ್, ನಡುವೆ ಫ್ರಾಂಕ್‌ಫರ್ಟ್–ಟೊರೊಂಟೊ, ಬಲಕ್ಕೆ ವಾಪಸ್. ಮೂರು ಸೀಟು ಸಿಗುವ ತಾರೀಖು ಮಾತ್ರ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋದೆ. ನಾಲ್ಕು ರಾತ್ರಿ ಆದ ಮೇಲೆ ನೋಡಿದರೆ ಎಡಗಡೆ ಹನ್ನೊಂದು ತಾರೀಖು, ನಡುವೆ ಎರಡೇ ಎರಡು. ಆಗ ಗೊತ್ತಾಯಿತು, ಆ ಎರಡು ತಾರೀಖೇ ನಮ್ಮ ಪ್ರಯಾಣದ ಗೂಟ. ಉಳಿದಿದ್ದನ್ನೆಲ್ಲ ಅದಕ್ಕೆ ಕಟ್ಟಬೇಕು. ಬೇಸಿಗೆಯಲ್ಲಿ ಅಟ್ಲಾಂಟಿಕ್ ದಾಟುವ ಸೀಟು ಯಾವಾಗಲೂ ಬಿಗಿ. ಮೊದಲಿನಿಂದಲೇ ಮೂರು ಜನ ಅಂತ ಹಾಕಿ ಹುಡುಕಿ. ಒಬ್ಬರು ಅಂತ ಹಾಕಿದರೆ ಸೀಟು ಕಂಡು ಖುಷಿಯಾಗುತ್ತದೆ, ಮೂರು ಅಂದ ಕೂಡಲೇ ಮಾಯ. ಹೆಚ್ಚಿನ ಕಂಪನಿಗಳು ಸುಮಾರು ಹನ್ನೊಂದು ತಿಂಗಳ ಮೊದಲೇ ಸೀಟು ತೆರೆಯುತ್ತವೆ. ನೀವು ಬರುವ ಬೇಸಿಗೆ ಅಂತಿದ್ದೀರಿ, ಈಗಲೇ ಶುರು ಮಾಡಿದರೆ ಚೊಲೊ.

ಕೈ ಮುಗಿದು ಹೇಳುವ ಮಾತು ಒಂದಿದೆ. ಕಾರ್ಡ್‌ನ ಪಾಯಿಂಟ್ ಈಗಲೇ ವರ್ಗಾಯಿಸಬೇಡಿ. ನಾನು ಮೊದಲ ಸಲ ಇದನ್ನೇ ಮಾಡಿ ಕೆಟ್ಟೆ. ಹೇಗೂ ಬೇಕಾಗುತ್ತದೆ ಅಂತ ಕಾರ್ಡ್‌ನಲ್ಲಿದ್ದ ಅಷ್ಟೂ ಪಾಯಿಂಟ್ ಒಂದು ವಿಮಾನ ಕಂಪನಿಗೆ ಕಳಿಸಿದೆ. ಬಂದು ಸೇರಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ನೋಡಿಟ್ಟ ಸೀಟು ಹೋಯಿತು. ಒಮ್ಮೆ ಕಳಿಸಿದ ಪಾಯಿಂಟ್ ಬ್ಯಾಂಕಿಗೆ ವಾಪಸ್ ಬರುವುದಿಲ್ಲ. ಮೊದಲು ಸೀಟು ನೋಡಿ. ಅದೇ ಸೀಟು ಒಕ್ಕೂಟದ ಇನ್ನೊಂದು ಕಂಪನಿಯ ತಾಣದಲ್ಲೂ ಕಾಣುತ್ತಾ ಅಂತ ಪರೀಕ್ಷೆ ಮಾಡಿ. ಸ್ಟಾರ್ ಅಲಯನ್ಸ್ ಸೀಟು ನೋಡಲು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ತಾಣ ಚೊಲೊ, ಪಾಯಿಂಟ್ ಇಲ್ಲದಿದ್ದರೂ ನೋಡಬಹುದು. ಒಂದೇ ಕಡೆ ಕಾಣುವ ಸೀಟು ಎಷ್ಟೋ ಸಲ ಇರುವುದೇ ಇಲ್ಲ, ರೊಕ್ಕ ಕಟ್ಟುವ ಹೊತ್ತಿಗೆ ತಪ್ಪು ಅಂತ ಬರುತ್ತದೆ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇದೆಯಾ ಅಂತಲೂ ಹಿಂದಿನ ದಿನವೇ ನೋಡಿಕೊಳ್ಳಿ. ಮತ್ತೆ, ಏರೋಪ್ಲಾನ್ ಪಾಯಿಂಟ್‌ಗೆ 18 ತಿಂಗಳು ಏನೂ ಚಟುವಟಿಕೆ ಇಲ್ಲದಿದ್ದರೆ ಅವಧಿ ಮುಗಿಯುತ್ತದೆ. ನಿಮ್ಮವರು ಕೊನೆಗೆ ಯಾವಾಗ ಹಾರಿದ್ದು, ಕೇಳಿ.

ಊರಿಂದ ಬೆಂಗಳೂರಿಗೆ ಹೋಗುವ ತುಂಡು ಈ ಟಿಕೆಟ್‌ನಲ್ಲಿ ಬರುವುದಿಲ್ಲ. ಹುಬ್ಬಳ್ಳಿಯಿಂದ ಹಾರುವ ಇಂಡಿಗೋ ಯಾವ ಒಕ್ಕೂಟದಲ್ಲೂ ಇಲ್ಲ. ಅದು ಬೇರೆ ಟಿಕೆಟ್, ಬೇರೆ ಜವಾಬ್ದಾರಿ. ನೀವು ತಡವಾಗಿ ಬಂದರೆ ದೊಡ್ಡ ವಿಮಾನದವರು ಕಾಯುವುದಿಲ್ಲ, ಮತ್ತೆ ಸೀಟು ಕೊಡುವ ಬಾಧ್ಯತೆಯೂ ಅವರಿಗಿಲ್ಲ. ಅದಕ್ಕೆ ಹಿಂದಿನ ದಿನವೇ ಬೆಂಗಳೂರು ಮುಟ್ಟಿ. ಒಮ್ಮೆ ಕೆಲಸಕ್ಕಂತ ಹೊರಟಾಗ ನಾನು ರಾತ್ರಿ ಬಸ್ಸು ನಂಬಿದ್ದೆ. ನೆಲಮಂಗಲದ ಹತ್ತಿರ ವಾಹನಗಳ ಸಾಲಿನಲ್ಲಿ ಎರಡು ತಾಸು ನಿಂತೆವು. ವಿಮಾನ ಸಿಕ್ಕಿತು, ಆದರೆ ಆ ಎರಡು ತಾಸು ಎದೆ ಹೊಡೆದುಕೊಂಡಿದ್ದು ಇನ್ನೂ ನೆನಪಿದೆ. ಹಿರಿಯರಿಗೆ ಅದು ಬೇಡ. ಈಗ ಹುಬ್ಬಳ್ಳಿಯಿಂದ ವಂದೇ ಭಾರತ್ ರೈಲು ಇದೆ. ಹಗಲಲ್ಲಿ ಕೂತು ಹೋಗಬಹುದು, ಬುತ್ತಿ ಬಿಚ್ಚಿ ಉಣ್ಣಬಹುದು. ಹುಬ್ಬಳ್ಳಿಯಿಂದ ವಿಮಾನದಲ್ಲೇ ಹೋಗುವುದಾದರೆ ಇಂಡಿಗೋ ಇಳಿಯುವುದು ಟರ್ಮಿನಲ್ 1, ವಿದೇಶಕ್ಕೆ ಹೊರಡುವುದು ಟರ್ಮಿನಲ್ 2. ಸಾಮಾನು ತೆಗೆದುಕೊಂಡು ಅಲ್ಲಿಂದ ಇಲ್ಲಿಗೆ ಹೋಗಬೇಕು.

ವೀಸಾ ಎರಡು ಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಹೊರಗೆ ಕಾಲಿಡಲು ಷೆಂಗೆನ್, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಆಮೇಲೆ ಕೆನಡಾದ್ದು. ಕೆನಡಾದ್ದು ಮೊದಲು ಮಾಡಿಸಿ. ಜರ್ಮನಿಯವರು ಮುಂದೆ ಹೋಗುವ ದೇಶದ ವೀಸಾ ಕೇಳುತ್ತಾರೆ. ಷೆಂಗೆನ್‌ಗೆ ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇಬೇಕು.

ಸಾಮಾನಿನ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕು ದಿನ ನಿಂತರೆ ನಿಮ್ಮ ಚೀಲ ಫ್ರಾಂಕ್‌ಫರ್ಟ್‌ನಲ್ಲೇ ಕೈಗೆ ಬರುತ್ತದೆ, ಅಲ್ಲಿನ ಕಸ್ಟಮ್ಸ್ ದಾಟಬೇಕು. ಐರೋಪ್ಯ ಒಕ್ಕೂಟದೊಳಗೆ ಹೊರದೇಶದ ಹಾಲಿನ ಪದಾರ್ಥ, ಮಾಂಸ ಪ್ರಯಾಣಿಕರು ಒಯ್ಯುವಂತಿಲ್ಲ. ನಮ್ಮವ್ವ ಮೊಮ್ಮಗನಿಗಂತ ಎರಡು ಕಿಲೋ ಧಾರವಾಡ ಪೇಡೆ ಹಳೇ ಹಾರ್ಲಿಕ್ಸ್ ಡಬ್ಬಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಳು. ಹೊರಡುವ ಹಿಂದಿನ ರಾತ್ರಿ ಅದನ್ನು ಚೀಲದಿಂದ ಹೊರಗೆ ತೆಗೆಯುವಾಗ ಅವಳ ಮುಖ ನೋಡಲಾಗಲಿಲ್ಲ. ನೀವು ಮೊದಲೇ ಹೇಳಿಬಿಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ನಮ್ಮವು ಎರಡೂ ಕಡೆ ದಾಟಿದವು.

ಟಿಕೆಟ್ ಆದ ಮೇಲೆ ಎರಡು ಫೋನ್ ಮಾಡಿ. ಲುಫ್ತಾನ್ಸಾಗೆ ಒಂದು, ಏರ್ ಕೆನಡಾಗೆ ಒಂದು. ಎರಡೂ ಕಡೆ ಬುಕಿಂಗ್ ಸಂಖ್ಯೆ ಬೇರೆ ಬೇರೆ ಇರಬಹುದು, ಕೇಳಿ ಬರೆದುಕೊಳ್ಳಿ. ಅವ್ವನಿಗೆ ವೀಲ್‌ಚೇರ್, ಸಸ್ಯಾಹಾರಿ ಊಟ ಎರಡೂ ಕಡೆ ಹೇಳಿ. ವೀಲ್‌ಚೇರ್‌ಗೆ ರೊಕ್ಕ ಇಲ್ಲ. ನಮ್ಮವ್ವ ಮೊದಲು ಒಪ್ಪಲಿಲ್ಲ, ನಾನೇನು ನಡೆಯಲಾರದವಳಾ ಅಂದಳು. ಫ್ರಾಂಕ್‌ಫರ್ಟ್ ನಿಲ್ದಾಣದ ಉದ್ದ ನೋಡಿದ ಮೇಲೆ ತಾನೇ ಕೂತಳು.

ಧಾರವಾಡ, ಸಪ್ತಾಪುರದಿಂದ

ಮೇಲಿನವರು ಹೇಳಿದ್ದು ಸರಿ ಇದೆ. ನಾವು ಬೇರೆ ಒಕ್ಕೂಟದಲ್ಲಿ ಹೋದೆವು, ಅದನ್ನೂ ಹೇಳುತ್ತೇನೆ ತಂಗಿ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಕೂಡಿ ನಡೆಸುವ ಫ್ಲೈಯಿಂಗ್ ಬ್ಲೂ ಮೈಲ್ಸ್‌ನಲ್ಲಿ ಸ್ಟಾಪ್‌ಓವರ್‌ಗೆ ಹೆಚ್ಚಿನ ಮೈಲ್ಸ್ ಕೇಳುವುದಿಲ್ಲ. ನಾವು ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ, ಆರು ದಿನ ಇದ್ದು, ಟೊರೊಂಟೊಗೆ ಹಾರಿದೆವು. ಬುಕ್ ಮಾಡಲು ಫೋನ್‌ನಲ್ಲಿ ಒಂದು ತಾಸು ಕೂತೆ. ಎರಡೂ ತುಂಡಿನ ತಾರೀಖು, ವಿಮಾನ ಸಂಖ್ಯೆ ಮೊದಲೇ ಬರೆದಿಟ್ಟುಕೊಂಡಿದ್ದಕ್ಕೆ ಕೆಲಸ ಆಯಿತು. ಆದರೆ ತೆರಿಗೆ, ಸರ್‌ಚಾರ್ಜ್ ಸೇರಿ ನಗದು ಕಟ್ಟಿದ್ದು ಜಾಸ್ತಿ. ಏರೋಪ್ಲಾನ್ ಪಾಯಿಂಟ್ ಕೈಯಲ್ಲಿದ್ದಾಗ ಇತ್ತ ಬರಬೇಡಿ. ಕಾರ್ಡ್‌ನ ಪಾಯಿಂಟ್ ಏರೋಪ್ಲಾನ್‌ಗೆ ಹೋಗದಿದ್ದರೆ ಮಾತ್ರ ಇದನ್ನು ನೋಡಿ.

ಇನ್ನೊಂದು, ಯಾವ ಕಾರಣಕ್ಕೂ ನಡುವಿನ ಒಂದು ತುಂಡು ಬಿಡಬೇಡಿ. ನಮ್ಮ ಪರಿಚಯದವರು ಜರ್ಮನಿಯಲ್ಲಿ ಇನ್ನೂ ಎರಡು ದಿನ ಇರೋಣ ಅಂತ ಆ ವಿಮಾನ ಬಿಟ್ಟರು. ಅದರ ಮುಂದಿನ ಟಿಕೆಟ್ ಪೂರ್ತಿ ರದ್ದಾಯಿತು. ತಾರೀಖು ಬದಲಿಸಬೇಕಾದರೆ ವಿಮಾನ ಹೊರಡುವ ಮೊದಲೇ ಫೋನ್ ಮಾಡಬೇಕು. ಕಂಪನಿಯವರೇ ಸಮಯ ಬದಲಿಸುವುದೂ ಉಂಟು. ನಾನು ಪ್ರತಿ ಅಮಾವಾಸ್ಯೆ ಪೂಜೆ ಮುಗಿಸಿ ಒಮ್ಮೆ ಬುಕಿಂಗ್ ತೆರೆದು ನೋಡುತ್ತಿದ್ದೆ. ಹಾಗೆ ನೋಡಿದ್ದಕ್ಕೇ ಒಂದು ಬದಲಾವಣೆ ಸಮಯಕ್ಕೆ ಕಣ್ಣಿಗೆ ಬಿತ್ತು.

ಹಾವೇರಿಯಿಂದ

ಕೆನಡಾ ನಾನು ಕಂಡಿಲ್ಲ. ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ, ಅಲ್ಲಿಗೆ ಹೋಗುವಾಗ ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ನಲ್ಲಿ ಸಿಂಗಪುರದಲ್ಲಿ ಮೂರು ದಿನ ಇಳಿದಿದ್ದೆವು. ಸೇವರ್ ಅನ್ನುವ ಕಡಿಮೆ ಮೈಲ್ಸ್‌ನ ಒಮ್ಮುಖ ಟಿಕೆಟ್‌ಗೆ ಸ್ಟಾಪ್‌ಓವರ್ ಹಾಕಲು 100 ಅಮೆರಿಕ ಡಾಲರ್. ಆ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತವೆ, ನೆನಪಿರಲಿ.

ನಾನು ಬರೆಯಲು ಕೂತಿದ್ದು ಹೆಸರಿನ ವಿಷಯಕ್ಕೆ. ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆತನದ ಹೆಸರು ಎಲ್ಲ ಒಂದೇ ಸಾಲಿನಲ್ಲಿ ಸೇರಿರುತ್ತವೆ. ನನ್ನ ಹೆಂಡತಿಯದು ಹಾಗೇ ಇತ್ತು. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಮೈಲ್ಸ್ ಟಿಕೆಟ್‌ನಲ್ಲಿ ಬೇರೆ ಬೇರೆ ಕಂಪನಿ ಇದ್ದಾಗ ಒಬ್ಬರು ಸರಿ ಮಾಡಿದ ಹೆಸರು ಇನ್ನೊಬ್ಬರಿಗೆ ಮುಟ್ಟಿರುವುದಿಲ್ಲ. ತಂಗೀ, ಸೀಟು ಹುಡುಕುವ ಮೊದಲು ಅಪ್ಪ-ಅವ್ವನ ಪಾಸ್‌ಪೋರ್ಟ್ ತೆಗೆದು ಆ ಪುಟ ನೋಡಿ. ಸರಿ ಮಾಡಿಸಬೇಕಾದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈಗಲೇ ಹೋಗಿಬನ್ನಿ. ಅಲ್ಲಿ ಹೊಸ ಪಾಸ್‌ಪೋರ್ಟ್ ಸಂಖ್ಯೆ ಸಿಗುತ್ತದೆ. ವೀಸಾ, ಟಿಕೆಟ್ ಎಲ್ಲ ಆ ಹೊಸ ಸಂಖ್ಯೆಯಲ್ಲೇ ಆಗಬೇಕು.

ಗದಗದಿಂದ ಮತ್ತೆ

ಅಣ್ಣಾ, ಹೇಳಿದ ಕೂಡಲೇ ಟ್ರಂಕ್ ತೆಗೆದು ನೋಡಿದೆ. ಅಪ್ಪನದು ಸರಿ ಇದೆ. ಅವ್ವನದರಲ್ಲಿ ಅಡ್ಡಹೆಸರು ಖಾಲಿ. ಅವಧಿಯೂ ಬರುವ ಆಗಸ್ಟ್‌ಗೆ ಮುಗಿಯುತ್ತದೆ. ನಾಳೆಯೇ ಅರ್ಜಿ ಹಾಕುತ್ತೇನೆ. ಕಾರ್ಡ್ ಪಾಯಿಂಟ್ ಮುಟ್ಟುವುದಿಲ್ಲ. ಪೇಡೆ ಮಾತು ಅವ್ವನಿಗೆ ಇನ್ನೂ ಹೇಳಿಲ್ಲ.