ತೋಟದೊಳಗಿನ ವೀರಗಲ್ಲು, ಅದರ ಸುತ್ತಲಿನ ಸದ್ದು

ಪ್ರಶ್ನೆ (ಆಲ್ದೂರಿನಿಂದ):
ನಮ್ಮೂರ ಬಳಿಯ ಕಾಫಿ ತೋಟವೊಂದರಲ್ಲಿ, ರಸ್ತೆಯಿಂದ ಮೂವತ್ತು ಮಾರು ಒಳಗೆ, ಎದೆಯೆತ್ತರದ ವೀರಗಲ್ಲೊಂದಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಕೆಗಳ ನಡುವಿನ ಬರಹ ಸವೆದುಹೋಗಿದೆ. ಈ ಕಲ್ಲಿನ ಸುತ್ತಲಿನ ಸದ್ದನ್ನೇ ವಸ್ತುವಾಗಿಸಿಕೊಂಡು ಇಪ್ಪತ್ತು ನಿಮಿಷದ ಶಬ್ದಕೃತಿಯೊಂದನ್ನು ಕಟ್ಟುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದು ಮೂರು ಬೆಳಗು ಧ್ವನಿಮುದ್ರಿಸಿದ್ದಾಯಿತು. ಮಂಗಟ್ಟೆಯ ರೆಕ್ಕೆ, ದೂರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಮರಗಸಿ (ನೆರಳುಮರಗಳ ಕೊಂಬೆ ಸವರುವ ಕೆಲಸ) ಮಾಡುವವರ ಮಾತು, ಇವೆಲ್ಲದರ ಅಡಿಯಲ್ಲಿ ಸೆಕೆಂಡಿಗೊಮ್ಮೆ ‘ಟಕ್’ ಎಂಬ ಸದ್ದು. ಮೈಕು ಕೆಟ್ಟಿದೆಯೆಂದು ಎರಡು ಸಲ ವೈರು ಬದಲಿಸಿದ ಮೇಲಷ್ಟೇ ತಿಳಿದದ್ದು, ಅದು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಮಿಡಿತವೆಂದು. ಅದನ್ನು ಅಳಿಸಬೇಕೇ? ಕೃತಿಯನ್ನು ಬಂಗಲೆಯ ಜಗಲಿಯಲ್ಲಿ ಕೇಳಿಸೋಣ ಎನ್ನುತ್ತಾರೆ ಮಾಲೀಕರು. ಆದರೆ ವರ್ಷಕ್ಕೊಮ್ಮೆ ಆ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದ ಊರವರು ಈಗ ಗೇಟಿನಾಚೆಯೇ ಉಳಿದಿದ್ದಾರೆ.

ಉತ್ತರ (ಸಕಲೇಶಪುರದ ಬೆಳೆಗಾರ):
ಬೇಲಿಯ ಸದ್ದನ್ನು ಉಳಿಸಿ, ಆದರೆ ಅದನ್ನು ಜಮೀನ್ದಾರಿಕೆಯ ದರ್ಪವೆಂದು ಬಿಂಬಿಸಬೇಡಿ. ರಾತ್ರಿ ಆ ‘ಟಕ್’ ನಿಂತರೆ ನಮಗೆ ನಿದ್ದೆ ಬರುವುದಿಲ್ಲ. ಬ್ಯಾಟರಿ ಹೋಯಿತೋ, ಆನೆ ತಂತಿಯ ಮೇಲೆ ಮರ ಕೆಡವಿತೋ ಎಂದು ಟಾರ್ಚು ಹಿಡಿದು ಹೊರಡಬೇಕು. ಗೇಟಿನ ಮಾತು ಬೇರೆ. ಊರವರನ್ನು ಒಳಗೆ ಬಿಡದಿರುವುದಕ್ಕೆ ಆನೆಯ ನೆಪ ಸಾಲದು.

ಉತ್ತರ (ಹಾಸನದ ಶಾಸನಾಸಕ್ತ):
ಮಾನ್ಯರೇ, ನಿಮ್ಮ ವಸ್ತುವಿನಲ್ಲಿಯೇ ಭೂಮಿಯ ಪ್ರಶ್ನೆ ಅಡಗಿದೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಭೂಮಿಯನ್ನು ಉಂಬಳಿಯಾಗಿ ಬಿಡುವ ಪದ್ಧತಿ ನಮ್ಮಲ್ಲಿತ್ತು. ಅದನ್ನು ನೆತ್ತರುಕೊಡಗೆ ಎನ್ನುತ್ತಿದ್ದರು. ಗಂಗರ ಕಾಲದ ಶಾಸನಗಳಲ್ಲಿ ಇಂಥದೇ ಭೂದಾನಕ್ಕೆ ಕಲ್ನಾಡು, ಬಾಳ್ಗಳ್ಚು ಎಂಬ ಮಾತುಗಳೂ ಬರುತ್ತವೆ. ಎಂದರೆ ಇಂಥ ಎಷ್ಟೋ ಕಲ್ಲುಗಳು ನೆನಪಿನ ಶಿಲ್ಪಗಳಷ್ಟೇ ಆಗಿರದೆ, ಹತ್ತು ಜನರೆದುರು ನೆಟ್ಟ ಹಕ್ಕುಪತ್ರಗಳೂ ಆಗಿದ್ದವು. ಸವೆದ ಅಕ್ಷರದ ಮೇಲೆ ಮುಂಜಾನೆ ಓರೆಯಾಗಿ ಬೆಳಕು ಬಿದ್ದಾಗ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ಸೀಮೆಸುಣ್ಣವನ್ನಂತೂ ದಯವಿಟ್ಟು ತಿಕ್ಕಬೇಡಿ.
ಇನ್ನೊಂದು ಮಾತು. ಪಹಣಿಯ ಜೊತೆಗೆ ಆ ಸರ್ವೆ ನಂಬರಿನ ನಕ್ಷೆಯನ್ನೂ ತೆಗೆಸಿ ನೋಡಿ. ಕಲ್ಲಿಗೆ ಹೋಗುವ ಕಾಲುದಾರಿ ‘ಬಿ’ ಖರಾಬು (ಕಂದಾಯ ವಿಧಿಸದೆ ಬಿಟ್ಟ ಜಾಗದ ಒಂದು ಬಗೆ) ಎಂದು ದಾಖಲಾಗಿದ್ದರೆ, 1966ರ ಭೂಕಂದಾಯ ನಿಯಮಗಳ ಪ್ರಕಾರ ಅದು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದದ್ದು.

ಉತ್ತರ (ಚಿಕ್ಕಮಗಳೂರಿನಿಂದ):
ಜಗಲಿ ಬೇಡ. ಅಮೆರಿಕದ ಶಬ್ದಕಲಾವಿದ ಮ್ಯಾಕ್ಸ್ ನ್ಯೂಹೌಸ್ 1977ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ, ರಸ್ತೆ ನಡುವಿನ ಕಬ್ಬಿಣದ ಜಾಲರಿಯ ಕೆಳಗೆ ಗುಂಯ್‌ಗುಡುವ ನಾದವೊಂದನ್ನು ಅಳವಡಿಸಿದರು. ಅಲ್ಲಿ ಫಲಕವಿಲ್ಲ, ಹೆಸರಿಲ್ಲ. 1992ರಲ್ಲಿ ನಿಂತುಹೋದ ಆ ನಾದ 2002ರಲ್ಲಿ ಮತ್ತೆ ಆರಂಭವಾಯಿತು. ತಿಳಿಯದೆ ದಾಟಿಹೋಗುವವರಿಗೂ ಅದು ಕೇಳಿಸುತ್ತದೆ. ನಿಮ್ಮ ಕೃತಿಯನ್ನೂ ಹಾಗೆಯೇ ಗೇಟಿನ ಹೊರಗಿನ ಮೋರಿಯ ಬಳಿ, ಮೆಲುದನಿಯಲ್ಲಿ ಕೇಳಿಸಬಹುದು.

ಆಲ್ದೂರಿನಿಂದ:
ಎಲ್ಲರಿಗೂ ವಂದನೆಗಳು. ‘ಟಕ್’ ಉಳಿಯುತ್ತದೆ. ನಕ್ಷೆಗೆ ಅರ್ಜಿ ಹಾಕಿದ್ದೇನೆ. ಮೋರಿಯ ವಿಚಾರವನ್ನು ಮಾಲೀಕರಿಗೆ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಪೀಕರಿಗೆ ಕರೆಂಟು ಎಲ್ಲಿಂದ ಎಳೆಯುತ್ತೀರಿ ಎಂದು ಕೇಳಿದರು.