ಜಲವರ್ಣದ ತಿಳಿ ಬಣ್ಣ ಸ್ಕ್ಯಾನ್ ಮಾಡಿದರೆ ಹಾರಿಹೋಗುತ್ತದೆ, ದಾರಿ ಹೇಳಿ

ಕಾಳಿದಂಡೆ, ಕಾರವಾರ:

ರಂಪಣಿ ಬಲೆ (ದಡದಲ್ಲಿ ನಿಂತು ಜನ ಸೇರಿ ಎಳೆಯುವ ದೊಡ್ಡ ಮೀನುಬಲೆ) ಎಳೆಯುವುದರ ಬಗ್ಗೆ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. 24 ಪುಟ, ಎಲ್ಲವೂ ಕಾಗದದ ಮೇಲೆ ಜಲವರ್ಣದಲ್ಲಿ. ಬೆಳಗಿನ ಸಮುದ್ರಕ್ಕೆ ತೀರಾ ತೆಳುವಾದ ನೀಲಿ ಬೂದು ಬಳಿದಿದ್ದೇನೆ. ಕಣ್ಣಿಗೆ ಚೆಂದ ಕಾಣುತ್ತದೆ, ಸ್ಕ್ಯಾನ್ ಮಾಡಿದರೆ ಬರೀ ಬಿಳಿ. ಅದರ ಮೇಲೆ ಸಂಪಾದಕರು ‘ದೋಣಿ ಸ್ವಲ್ಪ ಎಡಕ್ಕೆ ಹೋಗಲಿ, ಮಾತಿಗೆ ಜಾಗ ಬೇಕು’ ಅಂದಿದ್ದಾರೆ. ಅದಕ್ಕಾಗಿ ಇಡೀ ಪುಟ ಮತ್ತೆ ಬಳಿಯಬೇಕಾ?

ಎಲ್ಲ ಟ್ಯಾಬ್‌ನಲ್ಲೇ ಬಿಡಿಸು ಅನ್ನುವವರಿದ್ದಾರೆ. ನನಗೆ ಮನಸ್ಸಿಲ್ಲ. ಒದ್ದೆ ಮರಳಿನ ಬಣ್ಣ ಕಾಗದದ ಮೇಲೆ ನೀರು ಹರಿದೇ ಬರಬೇಕು. ಕೈಕೆಲಸ ಕೆಡದ ಹಾಗೆ ಕಂಪ್ಯೂಟರ್ ಬಳಸುವುದು ಹೇಗೆ?

ಕಾವಿಗೋಡೆ, ಶಿರಸಿ:

ಟ್ಯಾಬ್ ಬೇಡ ಅಂದದ್ದು ಸರಿ. ನೀರಿನ ಕೆಲಸ ಕಾಗದಕ್ಕೆ, ಜೋಡಿಸುವ ಕೆಲಸ ಕಂಪ್ಯೂಟರಿಗೆ. ನಾನು ಪುಸ್ತಕ ಮಾಡುವುದೇ ಹೀಗೆ.

ಮೊದಲು ಸ್ಕ್ಯಾನರಿನಲ್ಲಿ ‘ಆಟೋ’ ಅಂತ ಇರುವುದನ್ನೆಲ್ಲ ತೆಗೆಯಿರಿ. ಅದು ಕಾಗದವನ್ನು ಅಪ್ಪಟ ಬಿಳಿ ಮಾಡಲು ಹೋಗಿ ನಿಮ್ಮ ತೆಳು ಸಮುದ್ರವನ್ನೂ ಒರೆಸಿಬಿಡುತ್ತದೆ. 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಇಡಿ, 16 ಬಿಟ್ ಸಿಕ್ಕರೆ ಅದನ್ನೇ ಆರಿಸಿ, ತಿಳಿ ಬಣ್ಣದ ಸಣ್ಣ ವ್ಯತ್ಯಾಸವೂ ಉಳಿಯುತ್ತದೆ. ಮಂಕಾಗಿ ಬಂದರೂ ಚಿಂತೆಯಿಲ್ಲ. ಆಮೇಲೆ ಚಿತ್ರ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ (ಬೆಳಕು ನೆರಳು ಹೊಂದಿಸುವ ಆಯ್ಕೆ) ನೀವೇ ನಿಧಾನಕ್ಕೆ ಬೆಳಕು ಏರಿಸಿ, ಬಳಿದ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಂಡು.

ಇನ್ನು ದೋಣಿ. ಮುಂದಿನ ಪುಟಗಳಿಗೆ ಸಮುದ್ರ ಒಂದು ಹಾಳೆ, ದೋಣಿ ಒಂದು ಹಾಳೆ, ಬಲೆ ಎಳೆಯುವ ಜನ ಇನ್ನೊಂದು ಹಾಳೆ ಮಾಡಿ. ಬೇರೆ ಬೇರೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪದರವಾಗಿ ಜೋಡಿಸಿದರೆ, ದೋಣಿಯೊಂದನ್ನೇ ಎಡಕ್ಕೆ ಸರಿಸಬಹುದು. ಫೋಟೋಶಾಪ್ ಇಲ್ಲದಿದ್ದರೆ ಕ್ರಿಟಾ ಇದೆ, ಪುಕ್ಕಟೆ. ದೋಣಿಯ ಪದರವನ್ನು ‘ಮಲ್ಟಿಪ್ಲೈ’ಗೆ (ಕೆಳಗಿನ ಪದರದ ಬಣ್ಣದೊಂದಿಗೆ ಬೆರೆಸುವ ಆಯ್ಕೆ) ಇಟ್ಟರೆ ಸುತ್ತಲಿನ ಬಿಳಿ ಕಾಗದ ಮಾಯ. ಆದರೆ ದೋಣಿಯ ಮೈಯೊಳಗೂ ಸಮುದ್ರ ಕಾಣತೊಡಗುತ್ತದೆ. ಅದಕ್ಕೇ ದೋಣಿಯ ಕೆಳಗೆ ಅದೇ ಆಕಾರಕ್ಕೆ ಬಿಳಿ ತುಂಬಿದ ಪದರ ಒಂದು ಹಾಕಿ. ಅಂಚನ್ನು ತೀರಾ ಚೂಪಾಗಿ ಕತ್ತರಿಸಬೇಡಿ. ಬಣ್ಣ ಒಣಗುವಾಗ ಅಂಚಿನಲ್ಲಿ ಗಟ್ಟಿ ಗೆರೆ ನಿಲ್ಲುತ್ತದಲ್ಲ, ಜಲವರ್ಣದ ಜೀವ ಅಲ್ಲೇ ಇರುವುದು. ಅದು ಉಳಿಯಲೇಬೇಕು.

ಇದನ್ನು ಯಾರೂ ಹೇಳುವುದಿಲ್ಲ: ಹಾಳೆಗಳನ್ನೆಲ್ಲ ಗಾಜಿನ ಮೇಲೆ ಒಂದೇ ದಿಕ್ಕಿಗೆ ಇಡಿ. ಹಲವು ಸ್ಕ್ಯಾನರಿನಲ್ಲಿ ಬೆಳಕು ಒಂದೇ ಬದಿಯಿಂದ ಬೀಳುತ್ತದೆ, ಒರಟು ಕಾಗದದ ಪ್ರತಿ ಉಬ್ಬಿಗೂ ಸಣ್ಣ ನೆರಳು ಬರುತ್ತದೆ. ದೋಣಿಯನ್ನು ಆಮೇಲೆ ತಿರುಗಿಸಿದರೆ ಆ ನೆರಳೂ ತಿರುಗಿ, ಅಂಟಿಸಿದ್ದು ಅಂತ ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದ್ದೀರಲ್ಲ? ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಕೆರೆದು ಒಳಗಿನ ಬಿಳಿ ಎಬ್ಬಿಸುವುದು. ಆ ಕೆಂಪಿನ ಆಸೆಗೆ ಕೆಮ್ಮಣ್ಣು ಸೋಸಿ, ಗೋಂದು ಕಲಸಿ ಒಂದು ಹಾಳೆ ತುಂಬ ಬಳಿದು ಸ್ಕ್ಯಾನ್ ಮಾಡಿಟ್ಟಿದ್ದೇನೆ. ಹಂಚು, ದರೆ, ಪಾಗಾರ ಎಲ್ಲಕ್ಕೂ ಅದೇ. ಮಣ್ಣಿನ ಕಣ ಕಾಣುತ್ತದೆ. ಯಾವ ರೆಡಿಮೇಡ್ ಬ್ರಷ್ಷಿನಲ್ಲೂ ನನಗೆ ಅದು ಸಿಕ್ಕಿಲ್ಲ.

ಅಚ್ಚಿನಮನೆ, ಕುಮಟಾ:

ಮುದ್ರಣದ ಕಡೆಯಿಂದ ನಾನು ಹೇಳುತ್ತೇನೆ. ಪರದೆಯ ಮೇಲೆ ಹೊಳೆಯುವ ಅಲ್ಟ್ರಾಮರೀನ್ ನೀಲಿ, ಎಳೆ ಗದ್ದೆಯ ಹಸಿರು ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಯಲ್ಲಿ (ಸಯಾನ್, ಮಜೆಂಟಾ, ಹಳದಿ, ಕಪ್ಪು), ಮಂಕಾಗುತ್ತವೆ. ಆ ನಾಲ್ಕು ಶಾಯಿಗೆ ಅಷ್ಟು ಹೊಳಪು ತರಲು ಆಗುವುದಿಲ್ಲ. ಪೂರ್ತಿ ಪುಸ್ತಕ ಮುಗಿಸುವ ಮೊದಲು ಒಂದು ಪುಟದ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಸಿ.

ಕನ್ನಡ ಅಕ್ಷರ ಚಿತ್ರದೊಳಗೆ ಸೇರಿಸಲೇಬೇಡಿ. ಬೇರೆ ಪದರದಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಇರಲಿ. ನಾಲ್ಕೂ ಬಣ್ಣ ಸೇರಿಸಿದ ಕಪ್ಪಾದರೆ, ಒಂದೊಂದು ಶಾಯಿಗೂ ಇರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕುತ್ತದೆ. ನಾಳೆ ಕೊಂಕಣಿಯಲ್ಲೂ ತರುವುದಾದರೆ ಕಪ್ಪು ಪ್ಲೇಟ್ ಮಾತ್ರ ಬದಲಿಸಿದರೆ ಸಾಕು. ನಿಮ್ಮ ಕಾರವಾರದ ಮಕ್ಕಳಿಗೆ ಅದು ಬೇಕಲ್ವಾ?

ಕಾಳಿದಂಡೆ, ಕಾರವಾರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೊಂಕಣಿ ಖಂಡಿತ ಬೇಕು. ಆಟೋ ತೆಗೆದು ಈಗಷ್ಟೇ ಸ್ಕ್ಯಾನ್ ಮಾಡಿದೆ, ಸಮುದ್ರ ಬಂತು! ಆದರೆ ಮಳೆಗೆ ಕಾಗದ ಅಲೆಅಲೆಯಾಗಿ ಎದ್ದಿದೆ, ಅಲ್ಲಲ್ಲಿ ಮಸುಕು. ನನ್ನದು ಯುಎಸ್‌ಬಿ ತಂತಿಯಲ್ಲೇ ಓಡುವ ತೆಳು ಸ್ಕ್ಯಾನರ್.

ಕಾವಿಗೋಡೆ, ಶಿರಸಿ:

ಅಂಥ ತೆಳು ಸ್ಕ್ಯಾನರಿಗೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ, ಸ್ವಲ್ಪ ಎದ್ದರೂ ಮಸುಕು. ಹಾಳೆಯ ಬೆನ್ನಿಗೆ ತೆಳುವಾಗಿ ನೀರು ಸವರಿ, ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬಳಿಯದ ಹಾಳೆಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿ ಹೋಗದ ಡಬ್ಬಿಯಲ್ಲಿಡಿ. ಬೂಸ್ಟು ಹತ್ತಿದ ಕಾಗದ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಕುಡಿಯುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಲು ಕೂತರೆ ದಿನವೇ ಹೋಗುತ್ತದೆ. ದೋಣಿ ಪುಟ ಆದಮೇಲೆ ಇಲ್ಲಿ ಹಾಕಿ, ನೋಡುವ ಆಸೆ.